ಪಿಂಗ್‌ಪಾಂಗ್ ಚೆಂಡಿನಿಂದ ವ್ಯೋಮನೌಕೆ: ಆಟಿಯಲ್ಲಿ ಕಟ್ಟಿ, ದೀಪಾವಳಿ ಕಳೆದು ಬಣ್ಣ ಹಚ್ಚಿ

ಗೂಡುದೀಪ ಕಟ್ಟಿ ಅಭ್ಯಾಸ ಇರುವವರಿಗೆ ಈ ಕೆಲಸ ಅರ್ಧ ಬಂದ ಹಾಗೆಯೇ. ಬಿದಿರು ಸೀಳಿ ಕಡ್ಡಿ ಮಾಡಿ, ಮೂಲೆಗಳು ಸಮ ಬರುವಂತೆ ನೂಲು ಸುತ್ತಿ, ಬಣ್ಣದ ಕಾಗದವನ್ನು ಸುಕ್ಕಿಲ್ಲದೆ ಅಂಟಿಸುತ್ತೇವೆ. ಆಮೇಲೆ ಒಳಗಿನ ಬೆಳಕು ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಅಂಗಳದ ಕತ್ತಲೆಯಲ್ಲಿ ನಿಂತು ನೋಡುತ್ತೇವೆ. ಸಿನಿಮಾದ ವ್ಯೋಮನೌಕೆಯ ಮಾದರಿಗೆ ಬೇಕಾದದ್ದೂ ಅದೇ ಕೈ, ಅದೇ ಕಣ್ಣು. ಮಂಗಳೂರಿನ ನಮ್ಮ ಮನೆಯ ಚಾವಡಿಯ ಮೂಲೆಯಲ್ಲಿ ಒಂದು ಹಳೆಯ ಹೊಲಿಗೆ ಮೆಶಿನಿನ ಮೇಜಿದೆ. ನನ್ನ ನೌಕೆಗಳೆಲ್ಲ ಅದರ ಮೇಲೆಯೇ ಹುಟ್ಟಿದವು. ಅಲ್ಲಿ ಕಲಿತದ್ದನ್ನು, ಮೊದಲ ಮಾದರಿ ಕಟ್ಟಲು ಹೊರಟವರಿಗೆ ಉಪಯೋಗಕ್ಕೆ ಬರುವ ಹಾಗೆ ಇಲ್ಲಿ ಬರೆಯುತ್ತೇನೆ.

ಯಾವುದನ್ನು ನಕಲು ಮಾಡುತ್ತೀರಿ?

ಬ್ಲೇಡು ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನಿಸಬೇಕಾದ ಪ್ರಶ್ನೆ ಇದು. ನಾವು ಪರದೆಯ ಮೇಲೆ ಕಂಡ ಆ ಭಾರೀ ನೌಕೆಗಳೂ ಯಾರೋ ಮೇಜಿನ ಮುಂದೆ ಕೂತು ಕೈಯಲ್ಲಿ ಕಟ್ಟಿದ ಮಾದರಿಗಳೇ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಡಿಸ್ಕವರಿ ನೌಕೆಗೆ 54 ಅಡಿ ಉದ್ದದ ದೊಡ್ಡ ಮಾದರಿಯನ್ನು ಕಟ್ಟಿದ್ದರು, ದೂರದ ದೃಶ್ಯಗಳಿಗೆ 15 ಅಡಿಯ ಇನ್ನೊಂದಿತ್ತು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಮಿಲೇನಿಯಮ್ ಫಾಲ್ಕನ್ ಸುಮಾರು ಐದು ಅಡಿಯದ್ದು. ಅದರ ಮೈಮೇಲಿನ ಕೊಳವೆ, ಪೆಟ್ಟಿಗೆ, ಜಾಲರಿಗಳಲ್ಲಿ ಬಹುಪಾಲು ಅಂಗಡಿಯಲ್ಲಿ ಸಿಗುತ್ತಿದ್ದ ಯುದ್ಧ ಟ್ಯಾಂಕು, ರೇಸ್ ಕಾರುಗಳ ಪ್ಲಾಸ್ಟಿಕ್ ಕಿಟ್‌ಗಳಿಂದ ಕಿತ್ತು ಅಂಟಿಸಿದ ತುಂಡುಗಳು. ಈ ಪದ್ಧತಿಗೆ ಕಿಟ್‌ಬ್ಯಾಶಿಂಗ್ ಎನ್ನುತ್ತಾರೆ, ಆ ಚಿಲ್ಲರೆ ತುಂಡುಗಳಿಗೆ ಗ್ರೀಬಲ್ ಎಂದು ಹೆಸರು.

ಹಾಗಾಗಿ ನಿಮ್ಮದು ಮಾದರಿಯ ಮಾದರಿ. ಇದನ್ನು ಒಪ್ಪಿಕೊಂಡರೆ ಎಷ್ಟೋ ಗೊಂದಲ ತಾನಾಗಿಯೇ ಬಗೆಹರಿಯುತ್ತದೆ. ಫಾಲ್ಕನ್‌ನ ಇಳಿಗಾಲುಗಳನ್ನೇ ನೋಡಿ. 1977ರ ಮಾದರಿಯಲ್ಲಿ ಮೂರು, 1980ರ ಮುಂದಿನ ಚಿತ್ರಕ್ಕೆ ಬರುವಾಗ ಐದು. ಆ ಎರಡನೇ ಚಿತ್ರಕ್ಕಾಗಿ 32 ಇಂಚಿನ ಹೊಸ ಮಾದರಿಯನ್ನೂ ಕಟ್ಟಿದರು. ಎರಡರ ಫೋಟೊಗಳನ್ನು ಬೆರೆಸಿ ನೋಡುತ್ತ ಕೆಲಸ ಮಾಡಿದರೆ ಯಾವ ಚಿತ್ರದಲ್ಲೂ ಇಲ್ಲದ ಮೂರನೇ ನೌಕೆಯೊಂದು ಹುಟ್ಟುತ್ತದೆ. ‘ಸ್ಟಾರ್ ಟ್ರೆಕ್’ ಟಿ.ವಿ. ಸರಣಿಯ ಮೂಲ ಎಂಟರ್‌ಪ್ರೈಸ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ, ಹನ್ನೊಂದು ಅಡಿ ಉದ್ದ. ದೀಪದ ತಂತಿಗಳು ಎಡಪಕ್ಕದಿಂದ ಒಳಗೆ ಹೋಗುತ್ತಿದ್ದವು, ಕ್ಯಾಮೆರಾ ಆ ಪಕ್ಕವನ್ನು ನೋಡುವಂತಿರಲಿಲ್ಲ. ಹಾಗಾಗಿ ಅಲ್ಲಿ ಅಲಂಕಾರವನ್ನೇ ಪೂರ್ತಿ ಮಾಡಿರಲಿಲ್ಲ. ನೀವು ಎಡಪಕ್ಕವನ್ನು ಕಲ್ಪಿಸಿಕೊಂಡು ತುಂಬುತ್ತೀರೋ, ಖಾಲಿ ಬಿಡುತ್ತೀರೋ? ಎರಡೂ ಸರಿಯೇ, ಆದರೆ ಮೊದಲೇ ನಿಶ್ಚಯವಾಗಬೇಕು.

ಆದ್ದರಿಂದ ಮೊದಲ ವಾರ ಬರೀ ಫೋಟೊ ಸಂಗ್ರಹಕ್ಕೆ ಇರಲಿ. ಸಿನಿಮಾದ ದೃಶ್ಯಗಳಿಗಿಂತ ಸ್ಟುಡಿಯೊದಲ್ಲಿ ತೆಗೆದ ಮಾದರಿಯ ಫೋಟೊಗಳು ಹೆಚ್ಚು ಉಪಯುಕ್ತ. ಕನಿಷ್ಠ ಐದು ಕೋನ ಬೇಕು: ಪಕ್ಕ, ಮೇಲು, ಕೆಳಗು, ಮುಂದು, ಹಿಂದು. ಒಂದು ಕೋನ ಸಿಗದಿದ್ದರೆ ಆ ನೌಕೆಯನ್ನು ಸದ್ಯಕ್ಕೆ ಬಿಟ್ಟು ಬೇರೆಯದನ್ನು ಆರಿಸಿ.

ಅಳತೆಯ ಲೆಕ್ಕ

ಸ್ಕೇಲ್ ಎಂದರೆ ಭಾಗಾಕಾರ, ಅಷ್ಟೇ. ‘ಸ್ಟಾರ್ ವಾರ್ಸ್’ನ ಸಣ್ಣ ಯುದ್ಧನೌಕೆ ಎಕ್ಸ್-ವಿಂಗ್‌ನ ಕಾಲ್ಪನಿಕ ಉದ್ದ 12.5 ಮೀಟರ್ ಎಂದು ಹಿಡಿದರೆ 1/72ರಲ್ಲಿ ಅದು 17.4 ಸೆಂ.ಮೀ. ಆಗುತ್ತದೆ. 289 ಮೀಟರಿನ ಎಂಟರ್‌ಪ್ರೈಸ್ ಅದೇ 1/72ರಲ್ಲಿ ನಾಲ್ಕು ಮೀಟರ್ ದಾಟುತ್ತದೆ, ಚಾವಡಿಯಲ್ಲಿ ಹಿಡಿಸದು. ಅದನ್ನು 1/1000ಕ್ಕೆ ಇಳಿಸಿದರೆ 29 ಸೆಂ.ಮೀ., ಕಪಾಟಿನಲ್ಲಿ ಕೂರುತ್ತದೆ. 1/72ರಲ್ಲಿ ಮನುಷ್ಯ 2.4 ಸೆಂ.ಮೀ. ಎತ್ತರ, 1/1000ದಲ್ಲಿ ಎರಡು ಮಿ.ಮೀ.ಯೂ ಇಲ್ಲ. ಕಿಟಕಿ, ಬಾಗಿಲು, ಏಣಿಗಳ ಗಾತ್ರವನ್ನು ಈ ಮನುಷ್ಯನೇ ಹೇಳಬೇಕು. ರಟ್ಟಿನಲ್ಲಿ ಅಷ್ಟೇ ಎತ್ತರದ ಒಬ್ಬನನ್ನು ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿಕೊಳ್ಳಿ. ಯಾವ ಕಿಟಕಿ ಕೊರೆಯುವ ಮೊದಲೂ ಅವನನ್ನು ಪಕ್ಕಕ್ಕಿಟ್ಟು ನೋಡಿ. ಮಾದರಿ ಆಟಿಕೆಯ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ದೊಡ್ಡದಾಗಿ ಹೋದ ಕಿಟಕಿಗಳು ಮತ್ತು ದಪ್ಪ ಗೆರೆಗಳು.

ಮೊದಲ ನೌಕೆಯಾಗಿ ನಾನು ಎಲ್ಲರಿಗೂ ಹೇಳುವುದು ಡಿಸ್ಕವರಿಯನ್ನು. ಮುಂದೊಂದು ಗೋಳ, ನಡುವೆ ಉದ್ದನೆಯ ಬೆನ್ನೆಲುಬು, ಹಿಂದೆ ಎಂಜಿನ್ನಿನ ಗಡ್ಡೆ. ರೆಕ್ಕೆಯ ವಕ್ರಗಳಿಲ್ಲ, ತಟ್ಟೆಯಾಕಾರದ ತೊಡಕಿಲ್ಲ. ಗೋಳವನ್ನು ನೀವು ಮಾಡಬೇಕಾಗಿಯೂ ಇಲ್ಲ, ಟೇಬಲ್ ಟೆನಿಸ್ ಚೆಂಡು 40 ಮಿ.ಮೀ. ವ್ಯಾಸದಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ನಾನು ಅಳೆದಾಗ ಒಟ್ಟು ಉದ್ದ ಗೋಳದ ವ್ಯಾಸದ ಸುಮಾರು ಎಂಟೂವರೆ ಪಟ್ಟು ಬಂತು. ಅಂದರೆ ನಮ್ಮ ನೌಕೆ ಹತ್ತಿರ ಹತ್ತಿರ 34 ಸೆಂ.ಮೀ. 54 ಅಡಿಯ ಮೂಲ ಮಾದರಿಯ 48ನೇ ಒಂದು ಭಾಗ. ನೀವೂ ನಿಮ್ಮ ಫೋಟೊದಲ್ಲಿ ಅಳೆಯಿರಿ. ಗೋಳದ ವ್ಯಾಸವನ್ನೇ ಒಂದು ಎಂದು ಇಟ್ಟುಕೊಂಡು ಎಂಜಿನ್ ಎಷ್ಟು, ನಡುವಿನ ಆಂಟೆನಾ ಎಲ್ಲಿ ಎಂದು ಬರೆದುಕೊಂಡರೆ ಆಮೇಲೆ ಬೇರೆ ಲೆಕ್ಕ ಬೇಡ. ಅದನ್ನು ನಿಜ ಗಾತ್ರದಲ್ಲಿ ಗ್ರಾಫ್ ಕಾಗದದ ಮೇಲೆ ಬಿಡಿಸಿ ಗೋಡೆಗೆ ಅಂಟಿಸಿ. ಕೆಲಸ ಮುಗಿಯುವವರೆಗೆ ಅದು ಅಲ್ಲೇ ಇರಲಿ.

ಗುಜರಿಯಿಂದ ಬರುವ ಸಾಮಾನು

ಕಟ್ಟಡಕ್ಕೆ ಬೇಕಾಗುವುದು: 1 ಮಿ.ಮೀ. ಮತ್ತು 0.5 ಮಿ.ಮೀ. ಸ್ಟೈರೀನ್ ಶೀಟ್ (ಪ್ಲಾಸ್ಟಿಕ್ ಹಾಳೆ), 5 ಮಿ.ಮೀ. ಸನ್‌ಬೋರ್ಡ್, ಕಟರ್ ಬ್ಲೇಡ್, ಉಕ್ಕಿನ ಸ್ಕೇಲು, ಫೆವಿಕ್ವಿಕ್, ಅರಾಲ್ಡೈಟ್, ಎಂ-ಸೀಲ್, ಗ್ಯಾರೇಜಿನವರು ಬಳಸುವ 400, 800, 1000 ನಂಬರಿನ ವಾಟರ್ ಪೇಪರ್. ಸನ್‌ಬೋರ್ಡನ್ನು ಫ್ಲೆಕ್ಸ್, ಬೋರ್ಡು ಬರೆಯುವ ಅಂಗಡಿಗಳಲ್ಲಿ ಕೇಳಿ, ಕತ್ತರಿಸಿ ಉಳಿದ ತುಂಡುಗಳು ನಮಗೆ ಧಾರಾಳ ಸಾಕು. ಉಳಿದದ್ದು ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ.

ಗ್ರೀಬಲ್‌ಗಳಿಗೆ ಮಾತ್ರ ಗುಜರಿ ಅಂಗಡಿಗೇ ಹೋಗಬೇಕು. ಕೆಟ್ಟ ಪ್ರಿಂಟರು, ಸಿ.ಡಿ. ಡ್ರೈವು, ಗೋಡೆ ಗಡಿಯಾರ, ಹಳೆಯ ಕೀಬೋರ್ಡು ಬಿಚ್ಚಿದರೆ ಸಿಗುವ ಹಲ್ಲುಚಕ್ರ, ಜಾಲರಿ, ಸಣ್ಣ ಕನೆಕ್ಟರುಗಳು ನೌಕೆಯ ಮೈಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಮಾತ್ರೆ ಮುಗಿದ ಸ್ಟ್ರಿಪ್ಪಿನ ಬಟ್ಟಲು ಒಳ್ಳೆಯ ಡಿಶ್ ಆಂಟೆನಾ. ಹಿಂದಿನ ಮಾದರಿಕಾರರು ಟ್ಯಾಂಕಿನ ಕಿಟ್ ಒಡೆದು ಮಾಡಿದ ಕೆಲಸವನ್ನೇ ನಾವು ಪ್ರಿಂಟರ್ ಒಡೆದು ಮಾಡುತ್ತೇವೆ.

ಆದರೆ ಎಲ್ಲ ಪ್ಲಾಸ್ಟಿಕ್ಕಿಗೂ ಅಂಟು, ಬಣ್ಣ ಹಿಡಿಯುವುದಿಲ್ಲ. ತುಂಡಿನ ಅಡಿಯಲ್ಲಿ ತ್ರಿಕೋನದೊಳಗೆ ಅಚ್ಚಾದ ಅಂಕಿ ನೋಡಿ. 6 ಇದ್ದರೆ ಪಾಲಿಸ್ಟೈರೀನ್, ಅತ್ಯುತ್ತಮ, ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಹಾಕಿದರೆ ಬೆಸೆದುಕೊಳ್ಳುತ್ತದೆ. 2 ಅಥವಾ 5 ಇದ್ದರೆ ದೂರವಿಡಿ. ನೀರಿನ ಬಾಟಲಿಯ ಮುಚ್ಚಳ, ಪೆನ್ನಿನ ರಿಫಿಲ್ ಈ ಜಾತಿಯವು. ಇವತ್ತು ಅಂಟಿದ ಹಾಗೆ ಕಂಡರೂ ಆರು ತಿಂಗಳಿಗೆ ಕಳಚಿ ಬೀಳುತ್ತವೆ. ಅಂಕಿ ಇಲ್ಲದ ತುಂಡಿಗೆ ಒಂದು ಹನಿ ಫೆವಿಕ್ವಿಕ್ ಹಾಕಿ ಮರುದಿನ ಉಗುರಿನಿಂದ ಎಬ್ಬಿಸಿ ನೋಡುವುದೇ ಪರೀಕ್ಷೆ.

ಥರ್ಮಕೋಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದಸರಾ, ವಿಟ್ಲಪಿಂಡಿಯ ಸ್ತಬ್ಧಚಿತ್ರಗಳಲ್ಲಿ ಥರ್ಮಕೋಲಿನ ಕೆಲಸ ನೋಡಿ ಬೆಳೆದ ನಮಗೆ ಕೈ ಅದರ ಕಡೆಗೇ ಹೋಗುತ್ತದೆ. ಸ್ಪ್ರೇ ಬಣ್ಣದ ದ್ರಾವಕ ತಾಗಿದ ಕೂಡಲೇ ಅದು ಕರಗಿ ಗುಳಿ ಬೀಳುತ್ತದೆ. ಬಳಸಲೇಬೇಕಾದರೆ ನೀರು ಬೆರೆಸಿದ ಫೆವಿಕಾಲನ್ನು ಮೂರು ನಾಲ್ಕು ಪದರ ಹಚ್ಚಿ, ಪೂರ್ತಿ ಒಣಗಿದ ಮೇಲೆ ನೀರಿನ ಬಣ್ಣವನ್ನೇ ಕೊಡಿ.

ಕಟ್ಟುವುದು

ಬೆನ್ನೆಲುಬಿಗೆ ಹಳೆಯ ಸೈಕಲ್ ಚಕ್ರದ ಸ್ಪೋಕ್ ಕಡ್ಡಿ ತೆಗೆದುಕೊಳ್ಳಿ. ಬಾಗದು, ನಮಗೆ ಬೇಕಾದಷ್ಟೇ ಉದ್ದವಿದೆ. ಚೆಂಡಿಗೆ ತೂತು ಕೊರೆಯುವಾಗ ಕಾಯಿಸಿದ ಸೂಜಿ ಅಥವಾ ಸೋಲ್ಡರಿಂಗ್ ಕಡ್ಡಿ ಬೇಡವೇ ಬೇಡ. ಹಳೆಯ ಚೆಂಡುಗಳು ಸೆಲ್ಯುಲಾಯ್ಡಿನವು, ಕಿಡಿ ತಾಗಿದರೆ ಭಗ್ಗೆಂದು ಉರಿಯುತ್ತವೆ. ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ 2 ಮಿ.ಮೀ. ತೂತು ಮಾಡಿ, ಕಡ್ಡಿಯನ್ನು ಒಳಗಿನ ಎದುರು ಗೋಡೆ ಮುಟ್ಟುವವರೆಗೆ ತೂರಿಸಿ ಅರಾಲ್ಡೈಟಿನಿಂದ ಹಿಡಿಸಿ. ದೀಪ ಹಾಕುವ ಯೋಚನೆ ಇದ್ದರೆ ತೂತನ್ನು ಎಲ್‌ಇಡಿ ಹಿಡಿಸುವಷ್ಟು ದೊಡ್ಡದು ಮಾಡಿ, ಅದರ ತಂತಿಯನ್ನು ಈಗಲೇ ಕಡ್ಡಿಗೆ ಸುತ್ತಿ ಒಳಗೆ ಬಿಡಬೇಕು.

ಗೋಳದ ಮುಂಭಾಗದಲ್ಲಿ ಮೂರು ಪಾಡ್ (ಸಣ್ಣ ಉಪನೌಕೆ) ಬಾಗಿಲುಗಳು, ಅವುಗಳ ಮೇಲೆ ಕಿಟಕಿಗಳ ಸಾಲು. ಬಾಗಿಲುಗಳನ್ನು ಕೊರೆಯಬೇಡಿ, ಚೆಂಡು ಮೆತ್ತಗಾಗಿ ಕುಸಿಯುತ್ತದೆ. 0.5 ಮಿ.ಮೀ. ಸ್ಟೈರೀನಿನಲ್ಲಿ ಬಿಲ್ಲೆ ಕತ್ತರಿಸಿ, ಚೆಂಡಿನ ಮೈಗೆ ಹೊಂದುವಂತೆ ಬಿಸಿನೀರಿನಲ್ಲಿ ಅದ್ದಿ ಬಾಗಿಸಿ ಅಂಟಿಸಿ. ಚೆಂಡಿನ ಮೇಲಿನ ಅಚ್ಚಿನ ಹೆಸರನ್ನೂ ನಡುವಿನ ಬೆಸುಗೆ ಗೆರೆಯನ್ನೂ 800ರ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ ತೆಗೆಯಿರಿ.

ಬೆನ್ನೆಲುಬಿನ ಉದ್ದಕ್ಕೂ ಒಂದರ ಹಿಂದೊಂದರಂತೆ ಒಂದೇ ಅಚ್ಚಿನ ಪೆಟ್ಟಿಗೆಗಳಿವೆ. ಈ ನೌಕೆಯ ಅಂದವೆಲ್ಲ ಅವು ಒಂದೇ ಸಮ ಬರುವುದರಲ್ಲಿದೆ, ಇಲ್ಲಿ ನಿಧಾನವೇ ಆಗಲಿ. ಒಂದು ಹಲಗೆಯ ಮೇಲೆ ಎರಡು ಪಟ್ಟಿ ಮೊಳೆ ಹೊಡೆದು ಜಿಗ್ ಮಾಡಿಕೊಳ್ಳಿ: ಸನ್‌ಬೋರ್ಡ್ ಪಟ್ಟಿಯನ್ನು ತಡೆಗೆ ತಾಗಿಸಿ ಕತ್ತರಿಸಿದರೆ ಪ್ರತಿ ತುಂಡೂ ಒಂದೇ ಅಳತೆ. ಪ್ರತಿ ಸಲ ಸ್ಕೇಲಿಟ್ಟು ಗುರುತು ಹಾಕಿ ಕತ್ತರಿಸಿದರೆ ಇಪ್ಪತ್ತನೇ ತುಂಡಿಗೆ ಬರುವಾಗ ಎರಡು ಮಿ.ಮೀ. ವ್ಯತ್ಯಾಸ ಬಂದಿರುತ್ತದೆ, ಅದು ಸಾಲಿನಲ್ಲಿ ಸೊಟ್ಟ ಹಲ್ಲಿನ ಹಾಗೆ ಎದ್ದು ಕಾಣುತ್ತದೆ.

ಇನ್ನೊಂದು ದಾರಿ ಅಚ್ಚು ಹಾಕುವುದು. ಒಂದು ಪೆಟ್ಟಿಗೆಯನ್ನು ಗ್ರೀಬಲ್ ಸಮೇತ ಚೆನ್ನಾಗಿ ಮಾಡಿ, ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ರೆಸಿನ್ ಹೊಯ್ದು ಬೇಕಾದಷ್ಟು ತೆಗೆಯಬಹುದು. ನಮ್ಮ ಮಲ್ಪೆ, ಮಂಗಳೂರಿನ ಕಡೆ ಫೈಬರ್ ದೋಣಿ ಮಾಡುವವರಿಗೆ ಈ ಕೆಲಸ ನೀರು ಕುಡಿದಷ್ಟು ಸುಲಭ. ಪರಿಚಯದವರಿದ್ದರೆ ಒಂದು ದಿನ ಅವರ ಶೆಡ್ಡಿನಲ್ಲಿ ನಿಂತು ನೋಡಿ. ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು ಸಾಕು, ಹೆಚ್ಚಾದರೆ ಬಿಸಿಯೇರಿ ಬಿರಿಯುತ್ತದೆ. ಕೋಬಾಲ್ಟ್ ಎಂದು ಕರೆಯುವ ಆಕ್ಸಿಲರೇಟರನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟ್ ಬೆರೆಸಿಯೇ ಕೊಡುವ ರೆಸಿನ್ ಕೇಳಿ ತನ್ನಿ. ಗಾಳಿಯಾಡುವ ಕಡೆ, ಕೈಗವಸು ಹಾಕಿಯೇ ಕೆಲಸ. ಗಟ್ಟಿಯಾದ ರೆಸಿನ್ ಉಜ್ಜುವಾಗ ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಮಕ್ಕಳಿಗೆ ಜಿಗ್ ದಾರಿಯೇ ಒಳ್ಳೆಯದು.

ಎಂಜಿನ್ ಗಡ್ಡೆಯನ್ನು 1 ಮಿ.ಮೀ. ಸ್ಟೈರೀನಿನ ಪೆಟ್ಟಿಗೆಯಾಗಿ ಕಟ್ಟಿ. ಸಂದುಗಳಿಗೆ ಫೆವಿಕ್ವಿಕ್ ಬಿಟ್ಟು ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ, ಕೂಡಲೇ ಉಜ್ಜಬಹುದು. ದೊಡ್ಡ ಹಳ್ಳಗಳಿಗೆ ಎಂ-ಸೀಲ್. ತೆಳ್ಳನೆಯ ಆಂಟೆನಾ ಕಡ್ಡಿಗೆ ಸ್ಟೈರೀನಿನ ಪಟ್ಟಿಯನ್ನು ಮೇಣದಬತ್ತಿಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು, ಹೊಳಪು ಬಂದ ಕೂಡಲೇ ಜ್ವಾಲೆಯಿಂದ ತೆಗೆದು ಎರಡೂ ತುದಿ ಎಳೆಯಿರಿ. ಕೂದಲೆಳೆಯಷ್ಟು ಸಪೂರ ಬರುತ್ತದೆ. ಕಬ್ಬಿಣದ ತಂತಿ ಬಳಸಬೇಡಿ. ನಮ್ಮ ಉಪ್ಪುಗಾಳಿಗೆ ಬಣ್ಣದ ಅಡಿಯಿಂದಲೂ ತುಕ್ಕು ಹೊರಗೆ ಬರುತ್ತದೆ. ಹಿತ್ತಾಳೆ ಅಥವಾ ತಾಮ್ರ ಇರಲಿ.

ಎಲ್ಲಿ ಎಷ್ಟು ಗ್ರೀಬಲ್ ಹಾಕಬೇಕೆಂಬುದಕ್ಕೆ ಫೋಟೊವೇ ಗುರು. ಹೊಸಬರು ಮೈತುಂಬ ಒಂದೇ ಸಮ ತುಂಬುತ್ತಾರೆ. ಒಳ್ಳೆಯ ಮಾದರಿಗಳಲ್ಲಿ ಖಾಲಿ ಜಾಗವೂ ಧಾರಾಳ ಇದೆ: ನುಣುಪಾದ ಹಲಗೆ, ಅದರ ಅಂಚಿನಲ್ಲಿ ಒತ್ತೊತ್ತಾದ ಯಂತ್ರದ ತುಂಡು, ಮತ್ತೆ ನುಣುಪು. ಯಕ್ಷಗಾನದ ಕಿರೀಟದಲ್ಲಿ ಬೇಗಡೆಯ ಹೊಳಪಿಗೂ ಬಣ್ಣದ ಬಟ್ಟೆಗೂ ಇರುವ ಹದ ನೆನಪಿಸಿಕೊಳ್ಳಿ.

ಬಣ್ಣ ಮತ್ತು ನಮ್ಮ ಮಳೆ

ನನ್ನ ಎರಡನೇ ನೌಕೆಗೆ ಜುಲೈ ತಿಂಗಳಲ್ಲಿ ಬಣ್ಣ ಹೊಡೆದೆ. ಹೊರಗೆ ಮಳೆ, ಒಳಗೆ ಫ್ಯಾನು. ಎರಡು ನಿಮಿಷದಲ್ಲಿ ಕಡುಬೂದು ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ ಕಟ್ಟಿತು. ಮೂರು ತಿಂಗಳ ಕೆಲಸ; ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಕಾರುಗಳಿಗೆ ಬಣ್ಣ ಹೊಡೆಯುವ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಹೇಳಿದ್ದು ಇಷ್ಟು: “ಥಿನ್ನರ್ ಹಾರುವಾಗ ಮೈ ತಣ್ಣಗಾಗ್ತದೆ ಮಾರಾಯ್ರೇ, ಗಾಳಿಯ ನೀರು ಅಲ್ಲೇ ಕೂತ್ಕೊಳ್ತದೆ. ಮಳೆ ಬಿಡಲಿ, ಬಿಸಿಲಿನ ದಿನ ಮೇಲಿಂದ ಸಪೂರ ರಿಟಾರ್ಡರ್ ಹೊಡೆಯಿರಿ, ಹೋಗ್ತದೆ.” ರಿಟಾರ್ಡರ್ ಎಂದರೆ ನಿಧಾನವಾಗಿ ಆರುವ ಥಿನ್ನರ್. ಅಕ್ಟೋಬರಿನಲ್ಲಿ ಹಾಗೆಯೇ ಮಾಡಿದೆ, ಪೊರೆ ಹೋಯಿತು.

ಅಲ್ಲಿಂದ ನನ್ನ ಕ್ರಮ ಹೀಗೆ. ಆಟಿ, ಸೋಣದಲ್ಲಿ, ಅಂದರೆ ಮಳೆಗಾಲದ ತುಳು ತಿಂಗಳುಗಳಲ್ಲಿ, ಕತ್ತರಿಸುವುದು, ಅಂಟಿಸುವುದು, ಉಜ್ಜುವುದು. ಹೊರಗೆ ಹೋಗಲಾಗದ ಆ ದಿನಗಳೇ ಈ ಕೆಲಸಕ್ಕೆ ಸರಿ. ದೀಪಾವಳಿ ಕಳೆದು, ಗಾಳಿ ಒಣಗಿದ ಮೇಲೆ ಬಣ್ಣ. ಡಿಸೆಂಬರ್, ಜನವರಿಯ ಹತ್ತು ಗಂಟೆಯ ಬಿಸಿಲಿಗೆ ಸಮನಾದದ್ದಿಲ್ಲ. ಮಳೆಗಾಲದಲ್ಲಿ ಅನಿವಾರ್ಯವಾದರೆ ಕುಂಚದಿಂದ ಹಚ್ಚುವ ನೀರಿನ ಅಕ್ರಿಲಿಕ್ ಬಣ್ಣ ಬಳಸಿ, ತೆಳ್ಳಗೆ ನಾಲ್ಕು ಪದರ, ಒಂದೊಂದಕ್ಕೆ ಒಂದು ದಿನ ಬಿಡುವು. ಮಳೆಗಾಲದಲ್ಲಿ ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಮಂಜು ಕೂರಿಸುತ್ತದೆ. ಕಿಟಕಿಯ ಪಾರದರ್ಶಕ ತುಂಡುಗಳಿಗೆ ಅರಾಲ್ಡೈಟೇ ಸರಿ. ಮೌಂಟ್‌ಬೋರ್ಡ್, ರಟ್ಟು ಸೊಟ್ಟಗಾಗುತ್ತವೆ, ಅಚ್ಚಿನ ಕೆಲಸಕ್ಕೆ ಬಿಟ್ಟರೆ ನೌಕೆಗೆ ಬೇಡ.

ಮೊದಲು ಬೂದು ಪ್ರೈಮರ್. ಒಂದು ಗೇಣು ದೂರದಿಂದ, ಸ್ಪ್ರೇಯನ್ನು ಮಾದರಿಯ ಹೊರಗೆ ಶುರುಮಾಡಿ ಆಚೆ ದಾಟಿಸಿ ನಿಲ್ಲಿಸಿ. ಚೆಂಡಿಗೆ ಹೊಡೆಯುವ ಮೊದಲು ಇನ್ನೊಂದು ಚೆಂಡಿನ ಮೇಲೆ ಪರೀಕ್ಷಿಸಿ, ಕೆಲವು ಥಿನ್ನರಿಗೆ ಮೆತ್ತಗಾಗುತ್ತವೆ. ಪ್ರೈಮರ್ ಒಣಗಿದಾಗ ಎಲ್ಲ ಗೀರು, ಸಂದು ಕಣ್ಣಿಗೆ ಹೊಡೆಯುತ್ತದೆ. ಬೇಸರಿಸದೆ ಮತ್ತೆ ತುಂಬಿ, 1000ದ ಪೇಪರಿನಲ್ಲಿ ಉಜ್ಜಿ, ಮತ್ತೆ ಪ್ರೈಮರ್.

ಮೇಲುಬಣ್ಣಕ್ಕೆ ಡಬ್ಬಿಯ ಅಪ್ಪಟ ಬಿಳಿ ಬೇಡ. ದೊಡ್ಡ ವಸ್ತು ದೂರದಿಂದ ಕಾಣುವಾಗ ಬಿಳಿ ಮಂಕಾಗುತ್ತದೆ, ಚಿಕ್ಕ ಮಾದರಿಯಲ್ಲಿ ಆ ದೂರವನ್ನು ಬಣ್ಣದಲ್ಲೇ ತರಬೇಕು. ಹತ್ತು ಪಾಲು ಬಿಳಿಗೆ ಒಂದು ಪಾಲು ತಿಳಿಬೂದು ಬೆರೆಸಿ. ಅದು ಒಣಗಿದ ಮೇಲೆ ಮಾಸ್ಕಿಂಗ್ ಟೇಪಿನಿಂದ ಅಲ್ಲಲ್ಲಿ ಚೌಕಗಳನ್ನು ಬಿಟ್ಟು, ಕಣ್ಣಿಗೆ ಕಂಡೂ ಕಾಣದಷ್ಟು ಬೇರೆಯಾದ ಬೂದುಬಿಳಿ ಕೊಡಿ. ಗಾತ್ರದ ಭಾವನೆ ಬರುವುದು ಈ ಚೌಕಗಳಿಂದ. ಹಲಗೆಗಳ ಗೆರೆಗೆ ಚೂಪಾದ ಗಟ್ಟಿ ಪೆನ್ಸಿಲ್ ಸಾಕು. ಕಪ್ಪುಕಂದು ಬಣ್ಣವನ್ನು ನೀರಾಗಿಸಿ ಸಂದುಗಳಿಗೆ ಹರಿಸಿ ಬಟ್ಟೆಯಲ್ಲಿ ಒರಸುವುದು ಫಾಲ್ಕನ್‌ನಂಥ ಬಳಸಿ ಸವೆದ ನೌಕೆಗಳಿಗೆ ಚಂದ. ಡಿಸ್ಕವರಿ ಶುಚಿಯಾದ ನೌಕೆ, ಅದಕ್ಕೆ ಎಂಜಿನ್ ಸಂದುಗಳಲ್ಲಿ ಮಾತ್ರ ಇರಲಿ.

ದೀಪ ಮತ್ತು ಪೀಠ

3 ಮಿ.ಮೀ. ಬಿಳಿ ಎಲ್‌ಇಡಿ ಒಂದು ಸಾಕು. 9 ವೋಲ್ಟ್ ಬ್ಯಾಟರಿಗೆ ಜೋಡಿಸುವುದಾದರೆ ನಡುವೆ 470 ಓಮ್‌ನ ರೆಸಿಸ್ಟರ್ ಇರಬೇಕು. ಚೆಂಡಿನ ಗೋಡೆ ತೆಳ್ಳಗೆ, ಇಡೀ ಗೋಳ ಗೂಡುದೀಪದ ಹಾಗೆ ಬೆಳಗುತ್ತದೆ. ಅದಕ್ಕೇ ಪ್ರೈಮರಿಗೂ ಮೊದಲು ಹೊರಗಿನಿಂದ ಎರಡು ಪದರ ಕಪ್ಪು ಹಚ್ಚಿ. ಎಲ್ಲ ಬಣ್ಣ ಮುಗಿದ ಮೇಲೆ 0.5 ಮಿ.ಮೀ. ಡ್ರಿಲ್ಲಿನಿಂದ ಕಿಟಕಿಗಳನ್ನು ಕೊರೆಯಿರಿ.

ಎಂಜಿನ್ ಭಾರ, ಗೋಳ ಹಗುರ. ಆದ್ದರಿಂದ ಪೀಠದ ಹಿತ್ತಾಳೆ ಸರಳು ಹಿಂದಿನ ಮೂರನೇ ಒಂದು ಭಾಗದಲ್ಲಿ ಬರುತ್ತದೆ. ಬೆರಳ ಮೇಲಿಟ್ಟು ತೂಗಿ ನೋಡಿ ಜಾಗ ಗುರುತಿಸಿ. ಪೀಠಕ್ಕೆ ಹಲಸಿನ ಹಲಗೆಯ ತುಂಡು, ಮೇಲೆ ಕಪ್ಪು ಬಣ್ಣ.

ಫೋಟೊ

ಚಿಕ್ಕ ಮಾದರಿ ಫೋಟೊದಲ್ಲಿ ಚಿಕ್ಕದಾಗಿಯೇ ಕಾಣುವುದು ಮುಂದಿನ ತುದಿ ಸ್ಪಷ್ಟ, ಹಿಂದಿನ ತುದಿ ಮಸುಕು ಬಂದಾಗ. 1968ರಲ್ಲಿ ಅವರು ಲೆನ್ಸಿನ ಕಿಂಡಿಯನ್ನು ಬಹಳ ಕಿರಿದು ಮಾಡಿ, ಒಂದೊಂದು ಫ್ರೇಮಿಗೂ ಹಲವು ಸೆಕೆಂಡು ಬೆಳಕು ಕೊಟ್ಟು ಇದನ್ನು ಗೆದ್ದಿದ್ದರು. ಮೊಬೈಲಿನಲ್ಲಿ ನೀವು ಹತ್ತಿರ ಹೋಗಬೇಡಿ, ಐದಾರು ಅಡಿ ಹಿಂದೆ ನಿಂತು ಎರಡು ಪಟ್ಟು ಝೂಮ್ ಮಾಡಿ, ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಆಫ್ ಮಾಡಿಟ್ಟು, ಕ್ಯಾಮೆರಾವನ್ನು ಪುಸ್ತಕಗಳಿಗೆ ಒರಗಿಸಿ ಟೈಮರ್ ಹಾಕಿ. ಹಿಂದೆ ಕಪ್ಪು ವೆಲ್ವೆಟ್ ಬಟ್ಟೆ. ಬೆಳಕು ಒಂದೇ ಕಡೆಯಿಂದ ಬರಬೇಕು, ಬಾಹ್ಯಾಕಾಶದಲ್ಲಿ ನೆರಳಿಗೆ ಬೆಳಕು ತುಂಬಲು ಗಾಳಿಯಿಲ್ಲ. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗಳನ್ನು ಮುಚ್ಚಿ, ಪಡುವಣದ ಒಂದು ಕಿಟಕಿಯನ್ನು ಒಂದು ಗೇಣು ಮಾತ್ರ ತೆರೆಯಿರಿ. ಸಂಜೆ ನಾಲ್ಕೂವರೆಗೆ ಕಡಲ ಕಡೆಯಿಂದ ಓರೆಯಾಗಿ ಬರುವ ಬಿಸಿಲು ಗೋಳದ ಅರ್ಧವನ್ನು ಬೆಳಗಿಸಿ ಉಳಿದರ್ಧವನ್ನು ಕತ್ತಲೆಗೆ ಬಿಡುತ್ತದೆ. ಪೆಟ್ಟಿಗೆಗಳ ಸಾಲಿನಲ್ಲಿ ಒಂದೊಂದರ ನೆರಳು ಮುಂದಿನದರ ಮೇಲೆ ಬೀಳುವ ಹಾಗೆ ಪೀಠವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಿ. ಆ ಬಿಸಿಲು ನಿಮಗೆ ಸಿಗುವುದು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಎಷ್ಟು ಸಾಧ್ಯವೋ ಅಷ್ಟು ತೆಗೆಯಿರಿ.

ಮೇ ಕೊನೆಗೆ ಮೋಡ ಕಟ್ಟುವ ಮೊದಲು ನೌಕೆಯನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು, ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ ಮುಚ್ಚಿ. ಬ್ಯಾಟರಿಯನ್ನು ಕಳಚಿ ತೆಗೆದಿಡಲು ಮರೆಯಬೇಡಿ.